ನೊರೆ ಇಳಿಯುವವರೆಗೆ

೨೦೨೪ರ ಡಿಸೆಂಬರ್ ೯, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದ ಬಾಗಿಲಿಗೆ ಚೀಫ್ ಕೆಮಿಸ್ಟ್ ನೇಮಿನಾಥರು ಒಂದು ಹಾಳೆ ಅಂಟಿಸುತ್ತಿದ್ದರು. ಹಂಗಾಮಿ ಕೆಮಿಸ್ಟ್ ಜ್ಞಾನದೇವ ತಿರುಗಿ ನೋಡಲಿಲ್ಲ. ಅವನ ಮುಂದೆ ಎತ್ತರದ ಗಾಜಿನ ಜಾಡಿಯಲ್ಲಿ ಮೊದಲ ಮಿಲ್ಲಿನ ಕಬ್ಬಿನ ರಸವಿತ್ತು, ಅದರ ಮೇಲೆ ನಾಲ್ಕು ಬೆರಳು ನೊರೆ. ನೊರೆ ಇಳಿದು, ರಸದೊಳಗಿನ ಗಾಳಿಗುಳ್ಳೆಗಳೆಲ್ಲ ಹೊರಬಿದ್ದು, ಕಸ ತಳಕ್ಕೆ ಕೂರಲು ಇಪ್ಪತ್ತು ನಿಮಿಷ ಬೇಕು. ಆಮೇಲೆ ಗಾಜಿನ ಬ್ರಿಕ್ಸ್ ಕಡ್ಡಿಯನ್ನು ತೇಲಿಬಿಟ್ಟು, ರಸದಲ್ಲಿ ಕರಗಿರುವುದು ನೂರಕ್ಕೆ ಎಷ್ಟು ಎಂದು ಓದಬೇಕು. ಹನ್ನೊಂದು ನಿಮಿಷವಷ್ಟೇ ಆಗಿತ್ತು.

"ಬಂದು ಓದಪಾ ಇದನ್ನ" ಎಂದರು ನೇಮಿನಾಥರು.

"ಒಂಬತ್ತು ನಿಮಿಷ ತಡೀರಿ ಸಾಹೇಬ್ರ."

"ನಿನ್ನ ಹೊಟ್ಟಿಪಾಡಿನ ಸುದ್ದಿ ಐತಿ. ರಸ ಎಲ್ಲಿ ಓಡಿ ಹೋಗತೈತಿ?"

"ರಸ ಓಡಿ ಹೋಗಂಗಿಲ್ರಿ. ಕಾಗದಾನೂ ಹೋಗಂಗಿಲ್ಲ, ಗೋಂದು ಹಚ್ಚೀರಿ."

ನೇಮಿನಾಥರು ನಕ್ಕರು. ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಜ್ಞಾನದೇವ ಬ್ರಿಕ್ಸ್ ಓದಿ, ರಿಜಿಸ್ಟರಿನಲ್ಲಿ ಬರೆದು, ಕೈ ಒರೆಸಿಕೊಂಡು ಬಂದ ಮೇಲೂ ಅವರು ಬಾಗಿಲ ಬಳಿಯೇ ನಿಂತಿದ್ದರು.

ಹಾಳೆಯಲ್ಲಿ ಇದ್ದದ್ದು ಇಷ್ಟು. ಆಡಳಿತ ಹೊಸಬರ ಕೈಗೆ ಹೋಗಿದೆ. ಇನ್ನು ಮುಂದೆ ಪ್ರಯೋಗಾಲಯದ ವರದಿಗಳು ಇಂಗ್ಲಿಷಿನಲ್ಲಿ ಹೋಗಬೇಕು. ಮುಂದಿನ ಹಂಗಾಮಿನಿಂದ ಹಂಗಾಮಿ ಕೆಮಿಸ್ಟರು ಇರುವುದಿಲ್ಲ. ಒಬ್ಬನೇ ಇರುತ್ತಾನೆ, ಕಾಯಂ ಆಗಿ. ಅವನನ್ನು ಆರಿಸಲು ಜನವರಿ ೧೯ರಂದು ಚಿಕ್ಕೋಡಿಯಲ್ಲಿ ಕಂಪ್ಯೂಟರಿನ ಮೇಲೆ ಇಂಗ್ಲಿಷ್ ಪರೀಕ್ಷೆ. ಐವತ್ತು ಪ್ರಶ್ನೆ, ಒಂದೊಂದಕ್ಕೂ ಆರಿಸಲು ನಾಲ್ಕು ಉತ್ತರ, ಮೂವತ್ತು ನಿಮಿಷ, ಪಾಸಾಗಲು ಮೂವತ್ತೈದು. ವಯಸ್ಸು ನಲವತ್ತರೊಳಗಿರಬೇಕು.

ಜ್ಞಾನದೇವನಿಗೆ ಏಪ್ರಿಲ್‌ನಲ್ಲಿ ನಲವತ್ತು ತುಂಬುತ್ತಿತ್ತು. ಆ ಪ್ರಯೋಗಾಲಯದಲ್ಲಿ ಅವನಿಗೆ ಇದು ಹದಿನಾಲ್ಕನೆಯ ಹಂಗಾಮು. ಏಳನೆಯ ಇಯತ್ತೆವರೆಗೆ ಮರಾಠಿ ಶಾಲೆ, ಹೈಸ್ಕೂಲು ಕನ್ನಡದಲ್ಲಿ, ಬಿ.ಎಸ್ಸಿ. ಚಿಕ್ಕೋಡಿಯಲ್ಲಿ. ಬಿ.ಎಸ್ಸಿ. ಇಂಗ್ಲಿಷಿನಲ್ಲಿಯೇ ಆಗಿತ್ತು ನಿಜ. ಆದರೆ ಅದು ಸೀಸೆಗಳ ಮೇಲಿನ ಚೀಟಿಯ ಇಂಗ್ಲಿಷು, ಸಮೀಕರಣದ ಇಂಗ್ಲಿಷು. ಹಾಳೆಯ ಹಿಂಬದಿಗೆ ಮಾದರಿ ಪ್ರಶ್ನೆಗಳನ್ನು ಅಚ್ಚು ಹಾಕಿಸಿದ್ದರು. ಎಲ್ಲವೂ ಅವಳಿ ಮಕ್ಕಳಂತೆ ಕಾಣುವ ಪದಗಳು. ಅಫೆಕ್ಟ್ ಸರಿಯೋ ಎಫೆಕ್ಟ್ ಸರಿಯೋ? ಲೂಸೋ ಲೂಜೋ? ಕ್ವಯಟೋ ಕ್ವೈಟೋ?

"ಇವು ಎರಡೆರಡು ಯಾಕ ಅದಾವ್ರಿ?" ಎಂದು ಕೇಳಿದ ಜ್ಞಾನದೇವ.

"ನನ್ನ ಕೇಳಿದ್ರ? ನಾ ಪಾಸಾದ ಕಾಲಕ್ಕ ಒಂದೊಂದ ಇದ್ದೂವು" ಎಂದು ನೇಮಿನಾಥರು ಹೆಗಲ ಮೇಲೆ ಕೈ ಇಟ್ಟರು. "ಕ್ಲಾಸಿಗೆ ಹೋಗು. ನಾಚಿಕೊಂಡು ಕುಂಡರಬ್ಯಾಡ."

ಯಾವ ಕ್ಲಾಸು ಎಂಬುದನ್ನು ಹೆಂಡತಿ ಸಪನಾ ಹೇಳಿದಳು. ಕಾಗವಾಡದಲ್ಲಿ ಮೌಲಾಲಿಯ ಮೋಟಾರ್ ರಿವೈಂಡಿಂಗ್ ಅಂಗಡಿಯ ಮಾಳಿಗೆ ಮೇಲೆ ಅವನ ಮಗಳು ಅರ್ಶಿಯಾ ಸಂಜೆ ಇಂಗ್ಲಿಷ್ ಕಲಿಸುತ್ತಾಳೆ. ಹಗಲು ಹೈಸ್ಕೂಲಿನಲ್ಲಿ ಬಾಯಿಯವರು, ಅಂದರೆ ಶಿಕ್ಷಕಿ. ಶಿರಗುಪ್ಪಿಯ ಮನೆಯಿಂದ ಗಾಡಿಯ ಮೇಲೆ ಕಾಲು ಗಂಟೆಯ ದಾರಿ. ಬೆಳಗಿನ ಪಾಳಿ ನಾಲ್ಕಕ್ಕೆ ಮುಗಿಯುತ್ತದೆ, ಕ್ಲಾಸು ಐದಕ್ಕೆ.

ಮಾಳಿಗೆಯ ಮೆಟ್ಟಿಲು ಹತ್ತಿ ಬಂದವನನ್ನು ನೋಡಿ ಅರ್ಶಿಯಾ ಕೈಯಲ್ಲಿದ್ದ ಸೀಮೆಸುಣ್ಣ ಇಟ್ಟಳು.

"ಬರ್ರಿ ಕಾಕಾ. ಮಗನ್ನ ಹಚ್ಚಾಕ ಬಂದ್ರೇನು?"

"ಇಲ್ರಿ ಬಾಯಾರ. ನನ್ನ ಹಚ್ಚಾಕ ಬಂದೀನಿ."

ಚಾಪೆಯ ಮೇಲೆ ಕೂತಿದ್ದ ಒಂಬತ್ತನೆಯ ತರಗತಿಯ ಹನ್ನೊಂದು ಮಕ್ಕಳು ಒಟ್ಟಿಗೆ ತಲೆ ಎತ್ತಿದರು. ಅರ್ಶಿಯಾಳ ಅಕ್ಕನ ಮಗಳು ಗುಲನಾಜ ಎಲ್ಲರಿಗಿಂತ ಮುಂದೆ ಕೂರುವವಳು. "ಖಾಲಾ, ಮಾಮಾಗೂ ಹೋಮ್‌ವರ್ಕ್ ಐತೇನು?" ಎಂದಳು.

"ಐತಿ. ನಿನಗಿಂತ ದುಪ್ಪಟ್ಟು."

"ಮಾಡ್ಕೊಂಡ ಬರಲಿಲ್ಲಂದ್ರ ಅವರನ್ನೂ ಹೊರಗ ನಿಂದ್ರಸ್ತೀಯೇನು?"

"ನಿಂದ್ರತೇನಿ ತಾಯಿ" ಎಂದ ಜ್ಞಾನದೇವ. "ದಿನಾ ಎಂಟು ತಾಸು ನಿಂತ ಕೆಲಸಾ ಮಾಡಾಂವ ನಾ."

ಅವನಿಗೆಂದು ಹಿಂದುಗಡೆ ಒಂದು ಸ್ಟೀಲು ಕುರ್ಚಿ ಹಾಕಿದರು. ಅಲ್ಲಿ ಕೂತು ಅವನು ಹೊಸ ನೋಟುಬುಕ್ಕಿನಲ್ಲಿ ಸ್ಕೇಲಿನಿಂದ ಮೂರು ಕಾಲಮು ಎಳೆದ. ಎಡಕ್ಕೆ ಒಂದು ಪದ, ಬಲಕ್ಕೆ ಅದರ ಅವಳಿ, ನಡುವೆ 'ಸೂಚಕ'. ಎರಡು ಪರೀಕ್ಷಾನಳಿಗೆಗಳಲ್ಲಿ ಎರಡು ಬಣ್ಣವಿಲ್ಲದ ದ್ರವಗಳಿದ್ದರೆ ಕಣ್ಣಿಗೆ ಎರಡೂ ನೀರೇ. ಒಂದು ಹನಿ ಸೂಚಕ ಹಾಕಿದರೆ ಒಂದು ಗುಲಾಬಿಯಾಗುತ್ತದೆ, ಇನ್ನೊಂದು ಹಾಗೇ ಉಳಿಯುತ್ತದೆ. ಪ್ರತಿ ಜೋಡಿಗೂ ಅಂಥದೊಂದು ಹನಿ ಇರಲೇಬೇಕು ಎಂದು ಅವನು ನಂಬಿದ್ದ. ಲೂಸ್ ಅಂದರೆ ಸಡಿಲ. ಅದರಲ್ಲಿ ಎರಡು ಓ, ಪಂಪಿನ ಎರಡು ನಟ್ಟು ಸಡಿಲಾಗಿ ಅಲುಗಾಡಿದ ಹಾಗೆ. ಲೂಜ್ ಅಂದರೆ ಕಳೆದುಕೊ. ಅದರಲ್ಲಿ ಒಂದು ಓ ಕಳೆದೇ ಹೋಗಿದೆ. ಅಡ್ವೈಸ್ ಸಲಹೆಯ ಹೆಸರು, ಅಡ್ವೈಜ್ ಸಲಹೆ ಕೊಡುವ ಕೆಲಸ; ಮನುಷ್ಯ ಕೆಲಸ ಮಾಡುವಾಗ ನಾಲಿಗೆ ಗುಂಯ್‌ಗುಡುತ್ತದೆ ಎಂದು ಬರೆದುಕೊಂಡ. ಅರ್ಶಿಯಾ ಅದನ್ನು ಓದಿ ನಕ್ಕು, ಮರುದಿನ ಹಲಗೆಯ ಮೇಲೆ ಬರೆದು ಮಕ್ಕಳಿಗೂ ಹೇಳಿಕೊಟ್ಟಳು.

ಒಂದು ಜೋಡಿಯ ಮುಂದೆ ಮಾತ್ರ ಅವನಿಗೆ ದೊಡ್ಡ ಖುಷಿಯಾಯಿತು, ಅದೇ ಸಂಜೆ ಆ ಖುಷಿ ಹೋಗಿಯೂ ಬಿಟ್ಟಿತು.

"ಏರು ಅಂದ್ರ ರೈಜ್, ಏರಿಸು ಅಂದ್ರ ರೇಜ್. ಹೌದಲ್ರಿ ಬಾಯಾರ?"

"ಹೌದು."

"ಹಂಗಾದ್ರ ಇದು ನಮ್ಮದ ಕಾನೂನು. ನಾವು 'ಇಸು' ಹಚ್ಚತೀವಿ, ಅವರು ಪದಾನ ಬದಲಿ ಮಾಡತಾರ. ಮಲಗು ಲೈ, ಮಲಗಿಸು ಲೇ."

"ಬರೋಬರಿ ಐತಿ. ಆದ್ರ ಅವ ನಿನ್ನೆ ಮಲಗಿದ ಅನ್ನಾಕೂ ಲೇ ಅಂತನ ಅಂತಾರ್ರಿ ಕಾಕಾ."

ಜ್ಞಾನದೇವ ಪೆನ್ನು ಕೆಳಗಿಟ್ಟ. "ಮಲಗಿದ ಅನ್ನಾಕ ಮಲಗಿಸು ಅನ್ನೂದ? ಯಾರ್ರಿ ಇದನ್ನ ಮಾಡಿದವರು?"

"ಅವರು ಸತ್ತಾರ ಮಾಮಾ" ಎಂದಳು ಗುಲನಾಜ. "ಈಗ ಕೇಳಾಕ ಬರಂಗಿಲ್ಲ."

ಮೂರನೆಯ ವಾರಕ್ಕೆ ಅವನ ತಪ್ಪುಗಳು ಕಡಿಮೆಯಾದವು, ನಾಲ್ಕನೆಯ ವಾರಕ್ಕೆ ನಿಂತೇ ಹೋದವು. ಕೇಳಿದ ಯಾವ ಜೋಡಿಯನ್ನೂ ಅವನು ಬಿಡಿಸಬಲ್ಲವನಾಗಿದ್ದ. ಗುಲನಾಜಳಿಗೆ ಹೊಳೆಯದ್ದನ್ನು ಮಕ್ಕಳೆಲ್ಲ ಹಿಂದೆ ತಿರುಗಿ ಅವನನ್ನು ಕೇಳತೊಡಗಿದ್ದರು.

ತೊಡಕು ಬೇರೆ ಕಡೆ ಇತ್ತು. ಜ್ಞಾನದೇವ ಅಳತೆ ಮಾಡುವ ಮನುಷ್ಯ, ತನ್ನನ್ನೂ ಅಳೆದುಕೊಳ್ಳುತ್ತಿದ್ದ. ಮನೆಯ ಗೋಡೆಗೆ ಒಂದು ಆಲೇಖದ ಹಾಳೆ ಅಂಟಿಸಿ, ಒಂದು ಪ್ರಶ್ನೆಗೆ ಸರಾಸರಿ ಎಷ್ಟು ಸೆಕೆಂಡು ಹಿಡಿಯಿತು ಎಂದು ದಿನವೂ ಚುಕ್ಕೆ ಇಡುತ್ತಿದ್ದ. ಡಿಸೆಂಬರ್ ೧೬ಕ್ಕೆ ತೊಂಬತ್ನಾಲ್ಕು. ೨೩ಕ್ಕೆ ಎಪ್ಪತ್ತೊಂದು. ೩೦ಕ್ಕೆ ಅರವತ್ತೊಂದು. ಜನವರಿ ೬ಕ್ಕೆ ಐವತ್ತೇಳು. ೧೦ಕ್ಕೆ ಐವತ್ತಾರು, ೧೩ಕ್ಕೂ ಐವತ್ತಾರು. ಇಳಿಯುತ್ತ ಬಂದ ಗೆರೆ ಅಲ್ಲಿ ಅಡ್ಡ ಮಲಗಿತು. ಮೂವತ್ತು ನಿಮಿಷವನ್ನು ಐವತ್ತಾರರಿಂದ ಭಾಗಿಸಿದರೆ ಮೂವತ್ತೆರಡು. ಬೇಕಾದದ್ದು ಮೂವತ್ತೈದು. ಗೆರೆ ಇನ್ನು ಇಳಿಯುವುದಿಲ್ಲ ಎಂಬುದು ಅವನಿಗೆ ನೋಡಿದೊಡನೆ ತಿಳಿಯಿತು. ಇಂಥ ಗೆರೆಗಳನ್ನು ಅವನು ಬಹಳ ನೋಡಿದ್ದ.

ಅಂದು ಅರ್ಶಿಯಾ ಮಕ್ಕಳನ್ನು ಬೇಗ ಕಳಿಸಿ, ಅವನು ಪ್ರಶ್ನೆ ಬಿಡಿಸುವುದನ್ನೇ ನೋಡುತ್ತ ಕೂತಳು. ಗುಲನಾಜ ಮಾತ್ರ ಹೋಗದೆ ಕಿಟಕಿಯಲ್ಲಿ ಕೂತಿದ್ದಳು.

"ಉತ್ತರ ನಿಮಗ ಹತ್ತು ಸೆಕೆಂಡಿನ್ಯಾಗ ಗೊತ್ತಾಗತೈತಿ ಕಾಕಾ. ನಾ ಮಾರಿ ನೋಡೇನಿ. ಉಳಿದ ನಲವತ್ತಾರು ಏನ್ ಮಾಡತೀರಿ?"

"ತಡೀತೀನ್ರಿ."

"ಯಾಕ?"

ಅವನು ಸ್ವಲ್ಪ ನಾಚಿದ. "ನೊರಿ ಇಳೀಲಿ ಅಂತ."

ಅದನ್ನು ಅವಳಿಗೆ ಬಿಡಿಸಿ ಹೇಳಬೇಕಾಯಿತು. ಮೊದಲ ಹಂಗಾಮಿನಲ್ಲಿ ಅವನಿಗೆ ಕೆಲಸ ಕಲಿಸಿದವನು ಭೀಮಸಿ ಎಂಬ ಹಳೆಯ ಕೆಮಿಸ್ಟ್. ಒಮ್ಮೆ ಜ್ಞಾನದೇವ ಐದನೆಯ ನಿಮಿಷಕ್ಕೇ ಕಡ್ಡಿ ಬಿಟ್ಟು ಅಂಕಿ ಬರೆದಿದ್ದ. ಆ ಒಂದು ಅಂಕಿಯ ಮೇಲೆ ಪಾಳಿಯ ಲೆಕ್ಕವೆಲ್ಲ ಕೂತಿತು, ಎಲ್ಲವೂ ತಪ್ಪಾಯಿತು. ಭೀಮಸಿ ಬೈಯಲಿಲ್ಲ. ಅಂಕಿಯ ಮೇಲೆ ಬೆರಳಿಟ್ಟು, "ಇದು ರಸದ ಅಂಕಿ ಅಲ್ಲೋ ತಮ್ಮಾ, ನಿನ್ನ ಅವಸರದ ಅಂಕಿ" ಎಂದ. ಅಂದಿನಿಂದ ಇಂದಿನವರೆಗೆ ಜ್ಞಾನದೇವ ಕಣ್ಣಾರೆ ಕಾಣದ ಒಂದು ಅಂಕಿಯನ್ನೂ ಬರೆದಿರಲಿಲ್ಲ. ಹೊಳೆದ ಉತ್ತರವನ್ನು ಒಂದಿಷ್ಟು ಹೊತ್ತು ಕೂರಲು ಬಿಟ್ಟು, ಅದು ಅಲುಗಾಡುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅವನ ಕೈ ಏಳುತ್ತಿತ್ತು.

ಅರ್ಶಿಯಾ ಹಲಗೆಯ ಕಡೆಗೆ ತಿರುಗಿದಳು. "ಹಂಗಾದ್ರ ನಾ ಹೇಳಿದಂಗ ಮಾಡ್ರಿ. ತಪ್ಪಿಗೆ ಮಾರ್ಕ್ಸ್ ಕಡಿಮಿ ಮಾಡಂಗಿಲ್ಲ. ಇಪ್ಪತ್ತೆಂಟು ನಿಮಿಷ ನಿಮ್ಮ ರೀತೀಲೆ ಬಿಡಸ್ರಿ, ಮೂವತ್ತು ಆಗತಾವ. ಉಳಿದ ಎರಡು ನಿಮಿಷದಾಗ ಓದಲಾರದ ಇಪ್ಪತ್ತೂ ಒತ್ತಿಬಿಡ್ರಿ. ನಾಲ್ಕರಾಗ ಒಂದು ಖರೇ. ಎಷ್ಟ ಬೀಳತಾವು?"

"ಐದು."

"ಮೂವತ್ತೂ ಐದು?"

"ಮೂವತ್ತೈದು" ಎಂದ ಜ್ಞಾನದೇವ. ಲೆಕ್ಕ ಅವನೇ ಮನಸ್ಸಿನಲ್ಲಿ ಎಂದೋ ಮಾಡಿದ್ದ. ಅವಳ ಬಾಯಿಂದ ಕೇಳಿದಾಗ ಮಾತ್ರ, ಯಾರೋ ಬೇರೆಯವರ ರಿಜಿಸ್ಟರಿಗೆ ಸಹಿ ಹಾಕೆಂದು ಹೇಳಿದ ಹಾಗಾಯಿತು.

"ನಾ ಎಲ್ಲಾ ಪರೀಕ್ಷಾದಾಗ ಹಂಗ ಮಾಡತೀನಿ ಮಾಮಾ" ಎಂದಳು ಕಿಟಕಿಯಿಂದ ಗುಲನಾಜ.

"ಅದು ನಿನ್ನ ಮಾರ್ಕ್ಸ್ ನೋಡಿದ್ರ ಗೊತ್ತಾಗತೈತಿ" ಎಂದಳು ಅರ್ಶಿಯಾ.

ಪರೀಕ್ಷೆಯ ದಿನ, ಭಾನುವಾರ, ಸಪನಾ ಬೆಳಿಗ್ಗೆ ಎದುರು ಕೂತು ಅವನ ಕೈ ಹಿಡಿದಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಗೋಡೆಯ ಮೇಲಿನ ಗೆರೆ ಓದಲು ಬರುತ್ತಿತ್ತು.

"ಇಪ್ಪತ್ತೆಂಟಕ್ಕ ನಿಲ್ಲಸ್ರಿ. ಒತ್ತತೀನಿ ಅನ್ರಿ."

"ಒತ್ತತೀನಿ."

"ನನ್ನ ಮಾರಿ ನೋಡಿ ಹೇಳ್ರಿ."

"ಒತ್ತತೀನಿ ಅಂದ್ನೆಲ್ಲ."

ಕಾರ್ಖಾನೆಯ ಹೊಗೆಕೊಳವೆ ಕಾಣುವ ಆ ಮನೆಯಲ್ಲಿ ಅವನ ಸಂಬಳವಿಲ್ಲದೆ ನಡೆಯುವುದು ಯಾವುದೂ ಇರಲಿಲ್ಲ. ಬಿ.ಎಸ್ಸಿ. ಓದಿದ ನಲವತ್ತರ ಗಂಡಸನ್ನು ಹೊಸದಾಗಿ ಇಟ್ಟುಕೊಳ್ಳುವ ಕಾರ್ಖಾನೆ ಅಥಣಿಯಿಂದ ನಿಪ್ಪಾಣಿಯವರೆಗೆ ಇಲ್ಲ ಎಂಬುದನ್ನು ಅವನು ಆಗಲೇ ವಿಚಾರಿಸಿಕೊಂಡು ಬಂದಿದ್ದ.

ಹನ್ನೊಂದು ಗಂಟೆಗೆ ಪರದೆ ಬೆಳಗಿತು. ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಎಣಿಸತೊಡಗಿತು. ಜ್ಞಾನದೇವನಿಗೆ ಹೆದರಿಕೆ ಇರಲಿಲ್ಲ. ಪ್ರಶ್ನೆಗಳು ಹಳೆಯ ಗುರುತಿನವರಂತೆ ಒಂದೊಂದಾಗಿ ಬಂದವು. ಪ್ರತಿಯೊಂದಕ್ಕೂ ಅವನು ತನ್ನ ಹನಿ ಹಾಕಿದ, ಬಣ್ಣ ನೋಡಿದ, ಕಾದ, ಒತ್ತಿದ. ಮೂವತ್ತನೆಯದನ್ನು ಮುಗಿಸಿ ಗಡಿಯಾರ ನೋಡಿದರೆ ಸರಿಯಾಗಿ ಎರಡು ನಿಮಿಷ ಉಳಿದಿತ್ತು. ಗೋಡೆಯ ಮೇಲಿನ ಗೆರೆ ಒಂದು ಸೆಕೆಂಡೂ ಸುಳ್ಳು ಹೇಳಿರಲಿಲ್ಲ.

ಅವನು ಮೂವತ್ತೊಂದನೆಯದನ್ನು ತೆರೆದು, ಓದದೆ, ಮೊದಲ ಉತ್ತರವನ್ನು ಒತ್ತಿದ. ವೃತ್ತ ನೀಲಿಯಾಯಿತು.

ಆ ನೀಲಿ ಚುಕ್ಕೆಯನ್ನು ನೋಡಿದ. ಅವನ ಹೆಸರು, ಅವನ ನಂಬರು ಮೇಲೆ ಇತ್ತು. ಕೆಳಗೆ ಅವನು ಹೇಳದ ಮಾತು. ಕಣ್ಣು ತಾನಾಗಿ ವಾಕ್ಯದ ಮೇಲೆ ಹೋಯಿತು. ನದಿಯ ನೀರು ಎರಡು ಅಡಿ ಏರಿದೆ ಎಂಬ ಅರ್ಥದ್ದು. ಒತ್ತಿದ್ದು ತಪ್ಪಾಗಿತ್ತು. ತಪ್ಪೆಂದು ಗೊತ್ತಾದ ಮೇಲೆ ಅದನ್ನು ಅಲ್ಲಿ ಬಿಟ್ಟು ಮುಂದಕ್ಕೆ ಹೋಗುವುದು ಹೇಗೆ? ಅವನು ಅಳಿಸಿದ. ಏರು, ಏರಿಸು ಅಂದುಕೊಂಡ. ಸರಿಯಾದುದನ್ನು ಹುಡುಕಿ, ಕೂರಲು ಬಿಟ್ಟು, ಒತ್ತಿದ. ಮೂವತ್ತೆರಡನೆಯದನ್ನು ಇನ್ನು ಹೇಗಾದರೂ ಕಣ್ಣು ಮುಚ್ಚಿಯೇ ಒತ್ತಬೇಕೆಂದುಕೊಂಡು ತೆರೆದ, ಸಪನಾಳ ಮುಖವನ್ನು ನೆನೆಸಿಕೊಂಡ, ಆದರೆ ಓದಿದ. ಅದನ್ನೂ ಸರಿಯಾಗಿ ಬಿಡಿಸಿದ. ಗಡಿಯಾರದಲ್ಲಿ ಎಂಟು ಸೆಕೆಂಡು ಇದ್ದವು. ಪರದೆ ಮುಚ್ಚಿಕೊಳ್ಳುವವರೆಗೂ ಅವನು ಮೂವತ್ಮೂರನೆಯ ವಾಕ್ಯವನ್ನು ಓದುತ್ತಲೇ ಇದ್ದ.

ಮನೆಗೆ ಬಂದಾಗ ಸಪನಾ ರೊಟ್ಟಿ ಬಡಿಯುತ್ತಿದ್ದಳು.

"ಒತ್ತಿದ್ರಿಲ್ಲ?"

"ಒಂದು ಒತ್ತಿದೆ."

"ಮತ್ತ?"

"ಅಳಿಸಿದೆ."

ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂದ ಮೇಲೆ ಅದನ್ನು ತಿರುವಿ ಹಾಕಿದಳು. ಒಳಗಿನಿಂದ ತಾಯಿ ಅಕ್ಕುತಾಯಿ, "ಪರೀಕ್ಷಾ ಆತೇನೋ ಬಾಳಾ?" ಎಂದು ಕೂಗಿ ಕೇಳಿದಳು. "ಆತು ಆಯಿ" ಎಂದ. "ಛಲೋ ಆತಿಲ್ಲ?" ಎಂದು ಮತ್ತೆ ಕೇಳಿದಳು. "ತಪ್ಪು ಒಂದೂ ಮಾಡಿಲ್ಲ" ಎಂದ. ಮುದುಕಿ ಕೈ ಮುಗಿದದ್ದು ಬಾಗಿಲ ಸಂದಿಯಿಂದ ಕಂಡಿತು.

ಹತ್ತು ದಿನದ ಮೇಲೆ ಫಲಿತಾಂಶ ಬಂತು. ನೇಮಿನಾಥರು ಹಾಳೆಯನ್ನು ಬಾಗಿಲಿಗೆ ಅಂಟಿಸದೆ ಅವನ ಕೈಗೇ ಕೊಟ್ಟರು. ಉತ್ತರಿಸಿದ್ದು ಮೂವತ್ತೆರಡು, ಸರಿ ಮೂವತ್ತೆರಡು, ತಪ್ಪು ಸೊನ್ನೆ, ಅನುತ್ತೀರ್ಣ. ಎರಡು ಸಾಲು ಕೆಳಗೆ ಜಾವೇದ ಎಂಬವನ ಹೆಸರು: ಉತ್ತರಿಸಿದ್ದು ಐವತ್ತು, ಸರಿ ಮೂವತ್ತೇಳು, ತಪ್ಪು ಹದಿಮೂರು, ಉತ್ತೀರ್ಣ.

"ಇಂಥಾದ್ದು ನಾ ಎಲ್ಲೂ ಕಂಡಿಲ್ಲೋ ಮಾರಾಯಾ" ಎಂದರು ನೇಮಿನಾಥರು. "ಮ್ಯಾಲಿನವರಿಗೆ ಫೋನ್ ಹಚ್ಚಿದ್ದೆ. ಈ ಮನಶ್ಯಾ ಒಂದೂ ತಪ್ಪು ಮಾಡಿಲ್ಲರಿ ಅಂದೆ. ಮೂವತ್ತೈದು ಆಗ್ಯಾವೇನು ಅಂತ ಕೇಳಿದ್ರು. ಇಲ್ಲ ಅಂದೆ. ಇಟ್ಟಬಿಟ್ರು."

ಅರ್ಶಿಯಾಳಿಗೆ ಹೇಳಲು ಅವನು ಕಾಗವಾಡಕ್ಕೆ ಹೋದ. ಅವಳು ಕೆಳಗೆ ಅಂಗಡಿಯಲ್ಲಿ ಅಪ್ಪನ ಹತ್ತಿರ ನಿಂತಿದ್ದಳು. ಅವನು ಹಾಳೆ ಕೊಟ್ಟ. ಅವಳು ಎರಡು ಸಲ ಓದಿ, ಮಡಿಚಿ ತಿರುಗಿ ಕೊಟ್ಟಳು. ಮೌಲಾಲಿ ತಾಮ್ರದ ತಂತಿ ಸುತ್ತುವುದನ್ನು ನಿಲ್ಲಿಸಿ, "ಚಹಾ ಕುಡ್ರಿ" ಎಂದ. ಕುಡಿದು ಬಂದ.

ಮಾರ್ಚ್ ೧೧ಕ್ಕೆ ಹಂಗಾಮು ಮುಗಿಯಲು ಮೂರು ದಿನ ಉಳಿದಿದ್ದವು. ಆಯ್ಕೆಯಾದ ಜಾವೇದ ಕೆಲಸ ವಹಿಸಿಕೊಳ್ಳಲು ಬಂದ. ಇಪ್ಪತ್ತಾರರ ಹುಡುಗ, ಮುಜಫ್ಫರ ಎಂಬ ಮಾಸ್ತರರ ಮಗ, ಒಳ್ಳೆಯ ಸ್ವಭಾವದವನು. ಬಂದವನೇ ಜ್ಞಾನದೇವನ ಕಾಲು ಮುಟ್ಟಿದ.

"ನಿಮ್ಮ ಜಾಗಾದಾಗ ನಿಂದ್ರಾಕ ನನಗ ಹೆಂಗೋ ಆಗತೈತಿ ಅಣ್ಣಾ. ಖರೇ ಹೇಳ್ತೀನಿ, ಕಡೀ ಹದಿನೈದು ನಾ ಓದೇ ಇಲ್ಲ. ಕಣ್ಮುಚ್ಚಿ ಒತ್ತಿದೆ."

"ಛಲೋ ಮಾಡಿದಿ" ಎಂದ ಜ್ಞಾನದೇವ. ಅದು ವ್ಯಂಗ್ಯವಾಗಿರಲಿಲ್ಲ. "ಬಾ, ರಸ ತೋರಸ್ತೀನಿ."

ಮೊದಲ ಮಿಲ್ಲಿನಿಂದ ರಸ ತಂದು ಜಾಡಿಗೆ ತುಂಬಿದರು. ನಾಲ್ಕು ಬೆರಳು ನೊರೆ ಎದ್ದಿತು. ಜ್ಞಾನದೇವ ಗೋಡೆಯ ಗಡಿಯಾರ ತೋರಿಸಿ, "ಇಪ್ಪತ್ತು ನಿಮಿಷ. ಅಲ್ಲೀತನಾ ಇದಕ ಕೈ ಹಚ್ಚಬಾರದು" ಎಂದ. ಜಾವೇದ ತಲೆಯಾಡಿಸಿದ. ಮೂರನೆಯ ನಿಮಿಷಕ್ಕೆ ಅವನ ಫೋನು ಬಡಿದುಕೊಂಡಿತು. ಹನ್ನೊಂದು ಗಂಟೆಯ ವರದಿಯನ್ನು ಮೇಲಿನವರು ಈಗಲೇ ಕೇಳುತ್ತಿದ್ದಾರೆ, ಅಂಕಿ ಹೇಳು ಎಂದು ನೇಮಿನಾಥರು. ಜಾವೇದ ಜ್ಞಾನದೇವನ ಮುಖ ನೋಡಿದ, ಫೋನು ನೋಡಿದ, ಕಡ್ಡಿಯನ್ನು ನೊರೆಯೊಳಗೇ ಇಳಿಸಿ, ಬಗ್ಗಿ ನೋಡಿ, "ಹದಿನೆಂಟು ಪಾಯಿಂಟ್ ಏಳು ಸರ್" ಎಂದ. ಅದನ್ನೇ ರಿಜಿಸ್ಟರಿನಲ್ಲಿ ಬರೆದ. ತಪ್ಪಿಲ್ಲದ ಇಂಗ್ಲಿಷಿನಲ್ಲಿ ಒಂದು ಸಾಲು ಷರಾ ಹಾಕಿದ. "ಈಗ ಬಂದ್ನಿ ಅಣ್ಣಾ" ಎಂದು ಆಫೀಸಿನ ಕಡೆ ಓಡಿದ.

ಜ್ಞಾನದೇವ ಕಡ್ಡಿಯನ್ನು ಮೆಲ್ಲಗೆ ಎತ್ತಿ, ತೊಳೆದು, ಒರೆಸಿ, ಬದಿಗಿಟ್ಟ. ಕೈ ಕಟ್ಟಿಕೊಂಡು ನಿಂತ. ಆ ರಸವನ್ನು ಇನ್ನು ಯಾರೂ ಕೇಳುವವರಿರಲಿಲ್ಲ; ಅದರ ಅಂಕಿ ಆಗಲೇ ಹೋಗಬೇಕಾದಲ್ಲಿಗೆ ಹೋಗಿತ್ತು. ನೊರೆ ಅಂಚಿನಿಂದ ಇಳಿಯತೊಡಗಿತು. ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಒಡೆದವು. ಕಸ ತಳಕ್ಕೆ ಕೂತಿತು. ಇಪ್ಪತ್ತನೆಯ ನಿಮಿಷಕ್ಕೆ ಅವನು ಕಡ್ಡಿಯನ್ನು ತೇಲಿಬಿಟ್ಟ. ಅದು ಅಲುಗಾಡುವುದು ನಿಂತ ಮೇಲೆ ಕಣ್ಣನ್ನು ರಸದ ಮಟ್ಟಕ್ಕೆ ತಂದು ಓದಿದ. ಹದಿನೆಂಟು ಪಾಯಿಂಟ್ ಒಂದು. ರಸದ ಉಷ್ಣತೆ ಮೂವತ್ತು ಡಿಗ್ರಿ. ಅದಕ್ಕೆ ಕೂಡಿಸಬೇಕಾದದ್ದು ಸೊನ್ನೆ ಪಾಯಿಂಟ್ ಎರಡು.

ರಿಜಿಸ್ಟರಿನಲ್ಲಿ ಜಾಗವಿರಲಿಲ್ಲ. ಚೀಲದಿಂದ ಮೂರು ಕಾಲಮಿನ ನೋಟುಬುಕ್ಕು ತೆಗೆದು, ಕೊನೆಯ ಜೋಡಿಯ ಕೆಳಗೆ, ತಾರೀಖು ಹಾಕಿ ಬರೆದ: ಬ್ರಿಕ್ಸ್ ೧೮.೩.